ಒಣ ಮೀಸೆ ಒರೆಸಿಕೊಂಡ ಮಧ್ಯಾಹ್ನ

ನಮ್ಮ ಮನೆಯ ತಲೆಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳೆ ಇದೆ. ಕ್ಯಾಲೆಂಡರ್ ತೂಗುಹಾಕಲೆಂದು ಹೊಡೆದದ್ದು. ಕ್ಯಾಲೆಂಡರ್ ಅಡುಗೆಮನೆ ಸೇರಿ ಬಹಳ ಕಾಲವಾಯಿತು. ಮೊಳೆ ಈಗ ಪಕ್ಕದ ಮನೆಯ ಕೀಲಿಕೈಗೆ ಮೀಸಲು. ಪಕ್ಕದ ಮನೆಯ ಹಲೀಮಾ ಖಾಲಾ ತಮ್ಮ ಮಗ, ಸೊಸೆ, ಮೊಮ್ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗಾದರೂ ಹೊರಟರೆ ಮನೆಗೆ ಕೀಲಿ ಹಾಕಿ ಕೀಲಿಕೈ ನಮ್ಮಲ್ಲಿ ಕೊಟ್ಟು ಹೋಗುತ್ತಾರೆ. ಅದಕ್ಕೊಂದು ಹಸಿರು ದಾರ, ದಾರದ ತುದಿಗೆ ಒಂದು ಹಿತ್ತಾಳೆಯ ಗೆಜ್ಜೆ. ಬಾಗಿಲು ತೆಗೆದು ಹಾಕಿದಾಗ, ಕೂಲರಿನ ಗಾಳಿ ತಾಗಿದಾಗ ಅದು ಸಣ್ಣಗೆ ಸದ್ದು ಮಾಡುತ್ತದೆ.

ಆ ಸದ್ದು ಕೇಳಿದರೆ ಈಗ ನನ್ನ ಬಾಯಿ ಒಣಗುತ್ತದೆ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬರುತ್ತೇನೆ. ಬಾಯಾರಿಕೆ ಇರುವುದಿಲ್ಲ. ಆದರೂ ಕುಡಿಯುತ್ತೇನೆ. ಖಾಲಾ ಊರಿಗೆ ಹೋದ ದಿನಗಳಲ್ಲಿ ನಮ್ಮ ಮನೆಯ ಬಿಂದಿಗೆ ಬೇಗ ಬರಿದಾಗುತ್ತದೆ ಎಂದು ನನ್ನ ಹೆಂಡತಿ ಕಲಾವತಿ ನಗುತ್ತಾಳೆ. ಅವಳೂ ಆ ದಿನ ನನ್ನಷ್ಟೇ ಕುಡಿಯುತ್ತಾಳೆ ಎಂಬುದನ್ನು ನಾನು ಎತ್ತುವುದಿಲ್ಲ.

ಮೊದಲು ನಾನು ನೀರು ಕುಡಿಯುವ ಮನುಷ್ಯನೇ ಆಗಿರಲಿಲ್ಲ. ನಾನು ಬೆಳೆದದ್ದು ಬಸವಕಲ್ಯಾಣದ ಹತ್ತಿರದ ನಾರಾಯಣಪುರದಲ್ಲಿ, ಅಜ್ಜಿಯ ಕೈಯಲ್ಲಿ. ನೀರಿನ ಬಗ್ಗೆ ಅಜ್ಜಿಗೆ ಒಂದು ಸಂವಿಧಾನವೇ ಇತ್ತು. ಬಿಸಿಲಿನಿಂದ ಬಂದ ಕೂಡಲೆ ಕುಡಿಯಬಾರದು, ನೆಗಡಿ. ಓಡಿ ಬಂದು ಕುಡಿಯಬಾರದು, ಪಕ್ಕೆ ಹಿಡಿಯುತ್ತದೆ. ಊಟಕ್ಕೆ ಮೊದಲು ಕುಡಿದರೆ ಹಸಿವು ಸಾಯುತ್ತದೆ, ಊಟದ ನಡುವೆ ಕುಡಿದರೆ ರೊಟ್ಟಿ ಕರಗುವುದಿಲ್ಲ, ಮಲಗುವ ಮುಂದೆ ಕುಡಿದರೆ ಹಾಸಿಗೆಗೆ ಕೇಡು. ನಿಂತು ಕುಡಿಯುವಂತೆಯೇ ಇಲ್ಲ, ಅದು ದನದ ಲಕ್ಷಣ. ಇಷ್ಟು ಹೊತ್ತುಗಳನ್ನು ಕಳೆದರೆ ಉಳಿಯುವ ಹೊತ್ತಿನಲ್ಲಿ ನನಗೆ ನೀರಿನ ನೆನಪೇ ಆಗುತ್ತಿರಲಿಲ್ಲ. ಊರಿನ ಹಳೆಯ ಶಿವನ ಗುಡಿಯ ಕಲ್ಲುಕಂಬ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ನಾವು ಹುಡುಗರು ಆಡಿ ಬಂದು, ಅಂಗಿ ಎತ್ತಿ, ಆ ಕಂಬಕ್ಕೆ ಹೊಟ್ಟೆ ಹಚ್ಚಿ ನಿಲ್ಲುತ್ತಿದ್ದೆವು. ಒಳಗೆ ಹೋಗಬೇಕಾದ ತಂಪನ್ನು ಹೊರಗಿನಿಂದಲೇ ತೆಗೆದುಕೊಳ್ಳುವ ಉಪಾಯ. ಅಜ್ಜಿ ಮುಪ್ಪಿನ ತನಕ ಗಟ್ಟಿಯಾಗಿಯೇ ಬದುಕಿದಳು. ಅವಳ ಸಂವಿಧಾನಕ್ಕೆ ಇದ್ದ ಪುರಾವೆ ಅದೊಂದೇ. ಅವಳು ಕದ್ದು ಎಷ್ಟು ಮಜ್ಜಿಗೆ ಕುಡಿಯುತ್ತಿದ್ದಳೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ.

ಹುಮನಾಬಾದಿಗೆ ಬಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಲು ಶುರುಮಾಡಿದ ಮೇಲೂ ಈ ಚಾಳಿ ಹೋಗಲಿಲ್ಲ. ಮದುವೆಯಾದ ಹೊಸತರಲ್ಲಿ ಕಲಾವತಿ ನನ್ನ ಚೀಲದಲ್ಲಿ ದಿನಾಲು ಒಂದು ಬಾಟಲಿ ನೀರು ಇಡುತ್ತಿದ್ದಳು. ಬೆಳಿಗ್ಗೆ ತುಂಬಿ ಹೋದ ಬಾಟಲಿ ಸಂಜೆ ತುಂಬಿಯೇ ಬರುತ್ತಿತ್ತು. ಅವಳು ಬೇಸರ ಮಾಡಿಕೊಳ್ಳಬಾರದೆಂದು ಗೇಟಿನ ಬಳಿಯ ದಾಸವಾಳದ ಬುಡಕ್ಕೆ ಅದನ್ನು ಸುರಿದು, ಖಾಲಿ ಬಾಟಲಿ ಹಿಡಿದು ಒಳಗೆ ಬರುತ್ತಿದ್ದೆ. ಆ ವರ್ಷ ದಾಸವಾಳ ಬಹಳ ಚೆನ್ನಾಗಿ ಹೂಬಿಟ್ಟಿತು. ಅವಳಿಗೆ ಎಲ್ಲ ಗೊತ್ತಿತ್ತೆಂದು ಬಹಳ ದಿನಗಳ ಮೇಲೆ ತಿಳಿಯಿತು. ಹೂವು ಬೇಕಾಗಿತ್ತು, ಸುಮ್ಮನಿದ್ದೆ ಅಂದಳು.

ಆದರೆ ನೀರು ಕುಡಿಯದಿರುವುದನ್ನು ಒಂದು ಕಸುಬಿನ ಮಟ್ಟಕ್ಕೆ ಒಯ್ದವರು ನನ್ನ ಮಾವನವರು, ಕಲಾವತಿಯ ತಂದೆ. ಬಸವಕಲ್ಯಾಣದಲ್ಲಿ ಮಗನ ಸಂಸಾರದ ಜೊತೆ ಇದ್ದಾರೆ. ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಹುಮನಾಬಾದ್–ಬೀದರ್ ದಾರಿಯಲ್ಲಿ ಅವರು ಓಡಿಸಿದಷ್ಟು ವರ್ಷ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಡ್ಯೂಟಿಯ ಮೇಲೆ ನೀರು ಕುಡಿದರೆ ನಡುದಾರಿಯಲ್ಲಿ ಗಾಡಿ ನಿಲ್ಲಿಸಬೇಕಾಗುತ್ತದೆ, ಹೆಣ್ಣುಮಕ್ಕಳೆಲ್ಲ ಕಿಟಕಿಯಿಂದ ನೋಡುತ್ತಾರೆ, ಹಾಗಾಗಿ ಕುಡಿಯಬಾರದು. ಇದು ಅವರ ನಿಯಮ. ಗಾಡಿಗೆ ನೀರು, ಡ್ರೈವರ್‌ಗೆ ಚಹಾ ಎನ್ನುತ್ತಿದ್ದರು. ಸ್ಟ್ಯಾಂಡಿನಲ್ಲಿ ಗಾಡಿ ನಿಂತ ಕೂಡಲೆ ತಾವೇ ಬಕೆಟ್ ಹಿಡಿದು ರೇಡಿಯೇಟರ್ ಮುಚ್ಚಳ ತೆಗೆದು ನೋಡುವರಂತೆ. ಒಂದು ಹನಿ ಕಡಿಮೆ ಇದ್ದರೂ ಗಾಡಿ ಎತ್ತುತ್ತಿರಲಿಲ್ಲವಂತೆ. ದಪ್ಪ ಮೀಸೆ, ಹೆಗಲ ಮೇಲೆ ಒಂದು ಟವೆಲ್ಲು, ಬಾಯಿ ತೆರೆದರೆ ಚೇಷ್ಟೆ. ಅವರು ಗಂಭೀರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಇದು ಮುಂದೆ ಬಹಳ ದುಬಾರಿಯಾಯಿತು.

ಅವರಿಗೆ ಇನ್ನೊಂದು ನಿಯಮವಿತ್ತು. ಅವರ ತಾಯಿ ಗಡಿಯಾಚೆಯ ಉಮರ್ಗಾ ಕಡೆಯವರು. ಆ ಮನೆತನದಿಂದ ಬಂದದ್ದು. ಕೊಟ್ಟ ಮಗಳಿಗೆ ಮಗುವಾಗುವ ತನಕ ತಂದೆಯಾದವನು ಅವಳ ಮನೆಯ ನೀರು ಮುಟ್ಟುವಂತಿಲ್ಲ. ಮೊಮ್ಮಗು ಮಡಿಲಿಗೆ ಬಂದ ದಿನ ಮಗಳ ಮನೆಯ ಮೊದಲ ಗುಟುಕು. ಮದುವೆಯ ವರ್ಷ ಇದನ್ನು ಕೇಳಿದಾಗ ನನಗೆ ಚೆಂದವೆನಿಸಿತ್ತು. ಒಂದೆರಡು ವರ್ಷದ ಮಾತು ಅಂದುಕೊಂಡಿದ್ದೆ. ನಮಗೆ ಮಕ್ಕಳಾಗಲಿಲ್ಲ. ವರ್ಷಗಳು ಹೋದವು. ಮಾವನವರು ಪ್ರತಿ ತಿಂಗಳು ಬಸವಕಲ್ಯಾಣದಿಂದ ಬಸ್ಸು ಹಿಡಿದು ಬಂದು, ಊರ ಪಕ್ಕದ ಮಾಣಿಕನಗರದ ಗುಡಿಯಲ್ಲಿ ಪ್ರಭುಗಳ ದರ್ಶನ ಮುಗಿಸಿ, ನಮ್ಮ ಮನೆಗೆ ಬರುತ್ತಿದ್ದರು. ಬರುವಾಗ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಅವರ ಜೊತೆಯಲ್ಲೇ ಇರುತ್ತಿದ್ದವು. ಕಲಾವತಿ ಕಾಲಿಗೆ ನೀರು ಕೊಡುತ್ತಿದ್ದಳು, ತೊಳೆದುಕೊಳ್ಳುತ್ತಿದ್ದರು; ಕಾಲಿಗೆ ನಡೆಯುತ್ತದೆ, ಬಾಯಿಗೆ ನಡೆಯುವುದಿಲ್ಲ. ಆಮೇಲೆ ಅವಳು ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದು ಮುಂದೆ ಇಡುತ್ತಿದ್ದಳು. ಅವರು ಕೈ ಮುಗಿಯುತ್ತಿದ್ದರು. ಅವಳು ಒಯ್ಯುತ್ತಿದ್ದಳು. ತರುವುದು, ತೋರಿಸುವುದು, ಒಯ್ಯುವುದು. ನೈವೇದ್ಯದ ಹಾಗೆ.

ಹಾಗಾದರೆ ಬಾಯಾರಿಕೆಗೆ ಏನು ಮಾಡುತ್ತಿದ್ದರು ಅನ್ನುತ್ತೀರಿ. ಅಲ್ಲಿಗೇ ಬಂದೆ. ರೊಟ್ಟಿ ತಿಂದಾದ ಮೇಲೆ ಎದ್ದು, ಪಕ್ಕದ ಖಾಲಾ ಮನೆಗೆ ಹೋಗಿ, ಅಲ್ಲಿ ತಂಬಿಗೆ ಎತ್ತಿ ಗಟಗಟನೆ ಕುಡಿದು, ಚಹಾ ಕೊಟ್ಟರೆ ಅದನ್ನೂ ಕುಡಿದು, ಟವೆಲ್ಲಿನಿಂದ ಮೀಸೆ ಒರೆಸಿಕೊಳ್ಳುತ್ತ ವಾಪಸ್ಸು ಬರುತ್ತಿದ್ದರು. ಓಣಿಗೆಲ್ಲ ಖಾಲಾ, ಚಿಕ್ಕಮ್ಮ, ಆದವರು ಅವರಿಗೆ ಆಪಾ, ಅಕ್ಕ. ಇಬ್ಬರೂ ಒಂದೇ ವಾರಿಗೆಯವರು. ಖಾಲಾನ ಮಗನದು ಗಾದಿ ಹೊಲಿಯುವ ಅಂಗಡಿ. ಅವನ ಹತ್ತಿ ಹೊತ್ತ ಲಾರಿ, ಇವರ ಬಸ್ಸು, ಹಳೆಯ ರಸ್ತೆಗಳು, ಇಂಥ ಮಾತುಗಳು ಅವರ ನಡುವೆ ಬಹಳ ಇರುತ್ತಿದ್ದವು. ವಿಚಾರ ಮಾಡಿ ನೋಡಿ: ನಮ್ಮ ಮನೆಗೂ ಅವರ ಮನೆಗೂ ನಲ್ಲಿಯ ಪೈಪು ಒಂದೇ. ಗೇಟಿನ ಹತ್ತಿರ ಕವಲೊಡೆದು ಎಡಕ್ಕೆ ಹೋದರೆ ಮಗಳ ಮನೆಯ ನೀರು, ಬಲಕ್ಕೆ ಹೋದರೆ ಆಪಾನ ಮನೆಯ ನೀರು.

ಕಲಾವತಿಗೆ ಇದು ಬರಬರುತ್ತ ಚುಚ್ಚತೊಡಗಿತು. ಅವಳ ಅಪ್ಪ ಪ್ರತಿ ಸಲ ಪಕ್ಕದ ಮನೆಗೆ ಎದ್ದು ಹೋಗುವಾಗಲೂ ಏನನ್ನು ನೆನಪಿಸುತ್ತಿದ್ದಾರೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಒಂದು ವರ್ಷ ಏಪ್ರಿಲ್‌ನಲ್ಲಿ ಅವರು ಬಂದಾಗ ಅವಳು ತಂಬಿಗೆ ಒಯ್ಯಲಿಲ್ಲ. ಹಿಡಿದುಕೊಂಡೇ ನಿಂತಳು.

"ನನ್ನ ಮನಿ ನೀರಾಗ ವಿಷ ಹಾಕೇನೇನಪಾ?" ಅಂದಳು.

"ವಿಷ ಇದ್ರ ಒಂದ್ ಗುಟುಕ ಕುಡೀತಿದ್ನವ್ವ. ಇದು ರಿವಾಜ ಅದ."

"ಮಕ್ಕಳು ಆಗಂಗೇ ಇಲ್ಲಂದ್ರ?"

ಮಾವನವರು ಮೇಲೆ ತಿರುಗುವ ಫ್ಯಾನು ನೋಡಿದರು. ಆಮೇಲೆ ಬಸ್ಸಿನ ಹೊತ್ತಾಯಿತು ಎಂದು ಎದ್ದರು. ಅವಳು ಅಡುಗೆಮನೆಗೆ ಹೋಗಿ ತಂಬಿಗೆಯನ್ನು ಸಿಂಕಿಗೆ ಸುರಿದ ಸದ್ದು ಹೊರಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು. ಮುಂದಿನದೆಲ್ಲ ಆ ಸದ್ದಿನಿಂದ ಹುಟ್ಟಿತು ಎಂದು ನನಗೆ ಅನಿಸುತ್ತದೆ.

ಮರು ತಿಂಗಳು, ಮೇ. ಕಾಲೇಜಿಗೆ ರಜೆ. ಬೆಳಿಗ್ಗೆಯೇ ಖಾಲಾ ಬಂದು, ಬಸವಕಲ್ಯಾಣದಲ್ಲಿ ತಂಗಿಯ ಮೊಮ್ಮಗಳ ಮದುವೆ, ಹೊತ್ತು ಮುಳುಗುವುದರೊಳಗೆ ಬರುತ್ತೇವೆ ಎಂದು ಕೀಲಿಕೈ ಕೊಟ್ಟರು. ಕಲಾವತಿ ತೆಗೆದುಕೊಂಡಳು. ನಾನು ಮೊಳೆಗೆ ಹಾಕಿದೆ. ಗೆಜ್ಜೆ ಸದ್ದು ಮಾಡಿತು. ಪಕ್ಕದ ಮನೆಯಲ್ಲಿ ಯಾರೂ ಇಲ್ಲ ಎಂಬ ಸಂಗತಿ ಆಗ ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಮನಸ್ಸು ಹೇಗೆ ಕೆಲಸ ಮಾಡುತ್ತದೆಯೋ ಕಾಣೆ. ಅದೇ ಸಂಗತಿ ಮಧ್ಯಾಹ್ನ ನಮಗೆ ಗೊತ್ತಿರಲಿಲ್ಲ.

ಮಾವನವರು ಬಂದಾಗ ಬಿಸಿಲು ನೆತ್ತಿ ದಾಟಿತ್ತು. ಮಾಣಿಕನಗರದಲ್ಲಿ ಆಟೊದವರೆಲ್ಲ ನೆರಳು ಹಿಡಿದು ಮಲಗಿದ್ದಾರೆ, ಎಬ್ಬಿಸುವುದೇಕೆಂದು ನಡೆದೇ ಬಂದೆ ಅಂದರು. ಅಂಗಿಯ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆಗಳಿದ್ದವು. ಕಾಲು ತೊಳೆದರು. ಬೆಲ್ಲ-ನೀರು ಬಂತು, ಕೈ ಮುಗಿದರು, ಹೋಯಿತು. ಗಂಟು ಬಿಚ್ಚಿ ಎರಡು ರೊಟ್ಟಿ ಹಿಂಡಿಯ ಜೊತೆ ತಿಂದರು. ನಡುವೆ ಬಿಕ್ಕಳಿಕೆ ಬಂತು. ಎದ್ದು, ಆಪಾನ ಮನೆಗೆ ಹೋಗಿ ಬರುತ್ತೇನೆ ಎಂದು ಹೊರಗೆ ಹೋದರು.

ಬಹಳ ಬೇಗ ಬಂದರು. ಬಾಗಿಲಲ್ಲಿ ನಿಂತು ಟವೆಲ್ಲಿನಿಂದ ಮೀಸೆ ಒರೆಸಿಕೊಂಡರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಎಂದಿನ ಹಾಗೆ.

"ಕುಡದ್ಯಾ?" ಅಂದಳು ಕಲಾವತಿ, ತಲೆ ಎತ್ತದೆ.

"ಹೂಂ. ಆಪಾ ಮಣ್ಣಿನ ಕೊಡದಾಗಿಂದ ಕೊಟ್ಟಳು. ಭಾಳ ತಂಪದ."

ಈ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆಂದರೆ ಈಗ ಅದರಲ್ಲಿನ ಒಣಗಿದ ನಾಲಿಗೆಯ ಸದ್ದೂ ಕೇಳುತ್ತದೆ. ಆಗ ಕೇಳಿರಲಿಲ್ಲ. ಪಕ್ಕದ ಮನೆಗೆ ಹೋಗಿ ಕೀಲಿ ನೋಡಿದ್ದಾರೆ. ಇನ್ನೊಂದು ಮನೆಯ ಬಾಗಿಲು ಬಡಿದರೆ, ಮಗಳು ಇದ್ದ ಓಣಿಯಲ್ಲಿ ಅಪ್ಪ ನೀರು ಕೇಳುತ್ತ ತಿರುಗುತ್ತಾನೆ ಎಂದು ಜನ ಆಡಿಕೊಳ್ಳುತ್ತಾರೆ. ಬರಿಗೈಯಲ್ಲಿ ಬಂದರೆ ಮಗಳು ಮತ್ತೆ ತಂಬಿಗೆ ಹಿಡಿದು ನಿಲ್ಲುತ್ತಾಳೆ, ಮತ್ತೆ ಆ ಪ್ರಶ್ನೆ. ಆದ್ದರಿಂದ ಒಣ ಮೀಸೆ ಒರೆಸಿಕೊಂಡರು. ಮಣ್ಣಿನ ಕೊಡದ ತಂಪಿನ ಮಾತು ಸೇರಿಸಿದ್ದು ಚೇಷ್ಟೆಗಾರನ ಕೈಚಳಕ. ಗೋಡೆಯ ಮೇಲಿನ ಕೀಲಿಕೈ ಅವರ ತಲೆಯ ಪಕ್ಕದಲ್ಲೇ ತೂಗಾಡುತ್ತಿತ್ತು.

ಕೂಲರಿನ ಎದುರಿನ ಮಂಚದ ಮೇಲೆ ಮಲಗಿದರು. ನಾನು ಪೇಪರು ಓದುತ್ತಿದ್ದೆ. ಕಲಾವತಿ ಮೊರದಲ್ಲಿ ಶೇಂಗಾ ಆರಿಸುತ್ತಿದ್ದಳು. ಎಷ್ಟು ಹೊತ್ತು ಕಳೆಯಿತೋ, ಮಾವನವರು ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಕಂಡಕ್ಟರ್, ಬೆಲ್ ಹೊಡಿ."

ನಾನು ನಕ್ಕೆ. ಇದು ಅವರ ಹಳೆಯ ಆಟ. ನನ್ನನ್ನು ಕಂಡಕ್ಟರ್ ಮಾಡುವುದು ಅವರಿಗೆ ಇಷ್ಟ. ಲೆಕ್ಕ ಹೇಳಿಕೊಡುವವನಿಗೆ ಚಿಲ್ಲರೆ ಕೊಡಲು ಬರುವುದಿಲ್ಲ ಎಂದು ಕಾಡಿಸುತ್ತಿದ್ದರು. "ರೈಟ್, ರೈಟ್," ಅಂದೆ ಪೇಪರಿನ ಹಿಂದಿನಿಂದ.

"ಹಳ್ಳಿಖೇಡ ಫ್ಯಾಕ್ಟರಿ ಮುಂದ ಕಬ್ಬಿನ ಟ್ರ್ಯಾಕ್ಟರ್ ಸಾಲಿಟ್ಟಾವ. ಸೈಡ್ ಕೊಡವಲ್ಲರು."

"ಹಾರ್ನ್ ಹೊಡೀರಿ ಮಾವಾ."

ಅವರ ಬಲಗೈ ಮೇಲೆದ್ದು ಗಾಳಿಯಲ್ಲಿ ಹಾರ್ನ್ ಒತ್ತಿತು. ಒತ್ತಿದ ಕೈ ಕೆಳಗಿಳಿಯಲಿಲ್ಲ. ಅಲ್ಲಿಯೇ ನಿಂತು ನಡುಗತೊಡಗಿತು. ನಾನು ಇನ್ನೂ ನಗುತ್ತಿದ್ದೆ. ಮೊರದ ಸದ್ದು ನಿಂತಿತು.

"ಮೇ ತಿಂಗಳದಾಗ ಎಲ್ಲಿ ಕಬ್ಬು?" ಅಂದಳು ಕಲಾವತಿ.

ಸಕ್ಕರೆ ಫ್ಯಾಕ್ಟರಿ ಆ ವರ್ಷದ ಕೆಲಸ ನಿಲ್ಲಿಸಿ ತಿಂಗಳುಗಳಾಗಿದ್ದವು. ಆ ರಸ್ತೆಯ ಒಂದೊಂದು ಗುಂಡಿಯೂ ಗೊತ್ತಿದ್ದ ಮನುಷ್ಯ ಚೇಷ್ಟೆಗೂ ಇಂಥ ತಪ್ಪು ಮಾಡುವವರಲ್ಲ. ಅವಳು ಎದ್ದು ಹಣೆ ಮುಟ್ಟಿದಳು. ನನ್ನನ್ನೂ ಕರೆದಳು. ಹಣೆ ಕಾದ ಹಂಚಿನ ಹಾಗಿತ್ತು, ಆದರೆ ಒಂದು ಹನಿ ಬೆವರಿರಲಿಲ್ಲ. ತುಟಿ ಸೀಳಿದ್ದವು. ಬಗ್ಗಿ ನೋಡಿದರೆ ಮೀಸೆಯ ಅಂಚಿನಲ್ಲಿ ಶೇಂಗಾ ಹಿಂಡಿಯ ಪುಡಿ ಹಾಗೆಯೇ ಕೂತಿತ್ತು. ಒಣಗಿದ್ದು, ಉದುರು ಉದುರಾಗಿ. ನೀರು ತಾಗಿದ ಮೀಸೆಯಲ್ಲಿ ಪುಡಿ ಹಾಗೆ ನಿಲ್ಲುವುದಿಲ್ಲ.

ಆಗ ಗೆಜ್ಜೆ ಸದ್ದು ಮಾಡಿತು. ನಾವಿಬ್ಬರೂ ಒಟ್ಟಿಗೆ ತಿರುಗಿ ಮೊಳೆ ನೋಡಿದೆವು.

ಕಲಾವತಿ ಓಡಿ ಹೋಗಿ ನೀರು ತಂದಳು. ನಾನು ಅವರ ಬೆನ್ನಿಗೆ ಕೈ ಕೊಟ್ಟು ಎತ್ತಿ ಕೂರಿಸಿದೆ. ಲೋಟ ತುಟಿಗೆ ಹಚ್ಚಿದಳು. ಅವರು ಬಾಯಿ ಬಿಗಿದುಕೊಂಡು ಮುಖ ತಿರುಗಿಸಿದರು. ಮತ್ತೆ ಹಚ್ಚಿದಳು, ಮತ್ತೆ ತಿರುಗಿಸಿದರು. ತಾವು ಯಾವ ಊರಲ್ಲಿದ್ದೇವೆ, ಯಾವ ತಿಂಗಳಲ್ಲಿದ್ದೇವೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಯಾರ ಮನೆಯಲ್ಲಿದ್ದೇವೆ ಎಂಬುದು ತಿಳಿದಿತ್ತು.

"ಅಪ್ಪಾ, ಇದು ಖಾಲಾನ ಮನಿ ನೀರದ," ಅಂದಳು ಅವಳು. ಬಹಳ ಸಮಾಧಾನದಿಂದ ಅಂದಳು.

ತುಟಿ ಸ್ವಲ್ಪ ಬಿಟ್ಟವು. ಆದರೆ ನುಂಗುವ ಶಕ್ತಿ ಇರಲಿಲ್ಲ. ನೀರು ಗದ್ದದ ಮೇಲಿಂದ ಇಳಿದು ಅಂಗಿಯ ಮೇಲೆ ಹೋಯಿತು.

ಆಟೊದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಆಟೊದವನು ಹಿಂದೆ ತಿರುಗಿ, ಏನಾಗ್ಯಾದ್ರಿ ಎಂದು ಕೇಳಿದ. ನೀರು ಕುಡದಿಲ್ಲ ಅಂದೆ. ಅವನು ನನ್ನ ಮುಖ ನೋಡಿ ಮುಂದಕ್ಕೆ ತಿರುಗಿದ. ನೀರು ಕುಡಿಯದಿದ್ದರೆ ಮನುಷ್ಯ ಹೀಗಾಗುತ್ತಾನೆಂದು ನಂಬುವುದು ಕಷ್ಟ. ಹಾವು ಕಡಿದಿದೆ ಎಂದಿದ್ದರೆ ನಂಬುತ್ತಿದ್ದ.

ಆಸ್ಪತ್ರೆಯ ಡಾಕ್ಟರರು ಮಾಡಿದ ಮೊದಲ ಕೆಲಸ ಅಂದರೆ ಮಾವನವರ ಎದೆಯ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ಬಿಟ್ಟದ್ದು. ಅದು ಹಾಗೇ ನಿಂತಿತು, ಇಸ್ತ್ರಿ ಇಲ್ಲದ ಬಟ್ಟೆಯ ಮಡಿಕೆಯಂತೆ, ಬಹಳ ನಿಧಾನವಾಗಿ ಮಲಗಿತು. ಕೊನೆಗೆ ಮೂತ್ರಕ್ಕೆ ಹೋದದ್ದು ಯಾವಾಗ ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಬಿ.ಪಿ. ಗುಳಿಗೆ ತೆಗೆದುಕೊಳ್ಳುತ್ತಾರೇನು ಎಂದು ಕೇಳಿದರು. ಹೌದ್ರಿ ಅಂದಳು ಕಲಾವತಿ. ಸಲೈನ್ ಹಚ್ಚಿದರು, ರಕ್ತ ತೆಗೆದರು, ಕಂಕುಳಲ್ಲಿ ಒದ್ದೆ ಬಟ್ಟೆ ಇಟ್ಟರು, ಮೂತ್ರಕ್ಕೆ ನಳಿಕೆ ಹಾಕಿದರು. ಆಮೇಲೆ ನಮ್ಮನ್ನು ಹೊರಗೆ ಕೂರಿಸಿ, ನಡೆದದ್ದನ್ನೆಲ್ಲ ಕೇಳಿಕೊಂಡು ಹೇಳಿದರು. ವಯಸ್ಸಾದ ಮೇಲೆ ಬಾಯಾರಿಕೆಯೇ ಮಂಕಾಗುತ್ತದಂತೆ. ಒಳಗೆ ನೀರು ತೀರಿದ್ದರೂ ಬಾಯಿಗೆ ಸುದ್ದಿ ತಲುಪುವುದಿಲ್ಲ. ಇವರು ನುಂಗುವ ಗುಳಿಗೆ ಮೈಯೊಳಗಿನ ನೀರನ್ನು ಹೊರಗೆ ಹಾಕುವ ಜಾತಿಯದು. ಮೇಲೆ ಬಿಸಿಲು, ಒಳಗೆ ಉಪ್ಪು-ಖಾರ. ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ, ಬಿ.ಪಿ. ಇಳಿಯುತ್ತದೆ, ಮೊದಲು ಮೂತ್ರಪಿಂಡ ಸೊರಗುತ್ತದೆ, ಆಮೇಲೆ ತಲೆ.

"ಅವರು ಬೆಲ್ ಹೊಡಿ ಅಂದಾಗ ನೀವು ಚ್ಯಾಷ್ಟಿ ಅಂತ ತಿಳದ್ರಿ. ಅದು ಚ್ಯಾಷ್ಟಿ ಅಲ್ರಿ, ಬಾಯಾರಿಕಿ," ಅಂದರು. "ಕಿಡ್ನಿ ಏನಂತಾವ ನೋಡೂಣು. ಮೂತ್ರ ಬರಬೇಕು."

ಆ ನಳಿಕೆಯ ತುದಿಯ ಚೀಲದಲ್ಲಿ ತಳ ಕಾಣುವಷ್ಟು ಏನೋ ಇತ್ತು. ಹಾಲಿಲ್ಲದ ಚಹಾದ ಬಣ್ಣ. ಅದು ಏರುವುದನ್ನು ಕಾಯುತ್ತ ನಾವು ಕೂತೆವು. ಪರೀಕ್ಷೆಯ ಫಲಿತಾಂಶ, ನೌಕರಿಯ ಆರ್ಡರು, ಹೆಣ್ಣಿನ ಮನೆಯವರ ಒಪ್ಪಿಗೆ, ಇವನ್ನೆಲ್ಲ ನಾನು ಕಾದವನೇ. ಒಬ್ಬ ಮನುಷ್ಯ ಮೂತ್ರ ಮಾಡಲಿ ಎಂದು ಕಾದಷ್ಟು ಭಕ್ತಿಯಿಂದ ಯಾವುದನ್ನೂ ಕಾದಿರಲಿಲ್ಲ. ಕಲಾವತಿ ಚೀಲದಿಂದ ಕಣ್ಣು ತೆಗೆಯಲಿಲ್ಲ. ಸಲೈನ್ ಬಾಟಲಿಗಳು ಒಂದರ ಹಿಂದೆ ಒಂದು ಖಾಲಿಯಾದವು. ಚೀಲ ಹಾಗೆಯೇ ಇತ್ತು. ಒಮ್ಮೆ ಅವಳು, ಈ ನೀರೆಲ್ಲ ಎಲ್ಲಿ ಹೋಗಾಕತ್ತದ ಎಂದು ತನ್ನಷ್ಟಕ್ಕೆ ಕೇಳಿಕೊಂಡಳು. ಬಿರುಕುಬಿಟ್ಟ ಹೊಲ ಮೊದಲ ಮಳೆಯನ್ನು ಹೀಗೇ ಕುಡಿಯುತ್ತದೆ ಎಂದು ನನಗೆ ಅನಿಸಿತು.

ಬಟ್ಟೆ ತರಲೆಂದು ಸಂಜೆ ನಾನು ಮನೆಗೆ ಬಂದೆ. ಖಾಲಾ ತಮ್ಮ ಮನೆಯ ಮೆಟ್ಟಿಲ ಮೇಲೆ ಮದುವೆಯ ರೇಷ್ಮೆ ಬಟ್ಟೆಯಲ್ಲಿ ಕೂತಿದ್ದರು. ಸೊಸೆ, ಮಕ್ಕಳು ಸುತ್ತ ನಿಂತಿದ್ದರು. ಅವರ ಕೀಲಿಕೈ ನಮ್ಮ ಮನೆಯೊಳಗೆ, ನಮ್ಮ ಮನೆಗೆ ಕೀಲಿ. ನಾನು ಬಾಗಿಲು ತೆಗೆಯುತ್ತ ನಡೆದದ್ದನ್ನು ಹೇಳಿದೆ. ಖಾಲಾ ಕೀಲಿಕೈ ತೆಗೆದುಕೊಂಡರು.

"ಅವರ ಊರಾಗ ನಾವು ಗಿಲಾಸ ಮ್ಯಾಲ ಗಿಲಾಸ ಶರಬತ್ ಕುಡದೇವು ಬೇಟಾ," ಅಂದರು. "ನಮ್ಮ ಬಾಗಲದಾಗ ಅವರು ಒಣಗಿ ಹೋದರು."

ಕತ್ತಲಾಗುವ ಹೊತ್ತಿಗೆ ಚೀಲದ ತಳ ಏರಿತು. ನರ್ಸು ಬಂದು ನೋಡಿ, ಬಣ್ಣ ತಿಳಿಯಾಗಾಕತ್ತದ ಅಂದಳು. ಕಲಾವತಿ ಆಗ ಅತ್ತಳು. ಮಾವನವರು ಕಣ್ಣು ಬಿಟ್ಟದ್ದು ಮರುದಿನ ಬೆಳಿಗ್ಗೆ. ಕಣ್ಣು ಗೋಡೆ ನೋಡಿತು, ಮಗಳನ್ನು ನೋಡಿತು, ಮೇಲೆ ತೂಗುವ ಬಾಟಲಿಗೆ ಬಂದು ನಿಂತಿತು.

"ಇದು ಯಾರ ಮನಿದು?" ಅಂದರು.

"ಮೆಡಿಕಲ್ ಅಂಗಡಿದು," ಅಂದಳು ಮಗಳು.

ಸಮಾಧಾನವಾಗಿ ಕಣ್ಣು ಮುಚ್ಚಿದರು. ರೊಕ್ಕ ಕೊಟ್ಟು ತಂದವನು ಅಳಿಯ, ಅಂದರೆ ಆ ನೀರು ಯಾರದಾಯಿತು ಎಂಬ ಪ್ರಶ್ನೆಯನ್ನು ವಾಣಿಜ್ಯಶಾಸ್ತ್ರದವನಾದ ನಾನು ಎತ್ತಬಹುದಾಗಿತ್ತು. ಎತ್ತಲಿಲ್ಲ. ಮೂತ್ರಪಿಂಡಗಳು ದೊಡ್ಡ ಮನಸ್ಸು ಮಾಡಿ ಉಳಿದವು. ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರರು. ಗುಳಿಗೆ ಬದಲಾಯಿತು. ಬಾಯಾರಿಕೆಗೆ ಕಾಯಬೇಡಿ, ಹೊತ್ತು ಹೊತ್ತಿಗೆ ಕುಡಿಯಿರಿ ಎಂದು ಹೇಳಿ ಕಳಿಸಿದರು. ಹೊರಡುವಾಗ ಮಾವನವರು ನನಗೆ, "ಅಳಿಯಾರ, ಗಾಡಿ ಇಂಜಿನ್ ಸೀಜ್ ಆಗೂದ ಸ್ವಲ್ಪದರಾಗ ತಪ್ಪಿತ್ರಿ," ಅಂದರು. ರೇಡಿಯೇಟರಿನ ಮಾತನ್ನು ನಾವ್ಯಾರೂ ಎತ್ತಿರಲಿಲ್ಲ, ಅವರೇ ಎತ್ತಿದರು. ಕಲಾವತಿ ನಗಲಿಲ್ಲ.

ಮಳೆ ಶುರುವಾದ ಮೇಲೆ ಒಂದು ದಿನ ಮತ್ತೆ ಬಂದರು. ಮೈ ಇಳಿದಿತ್ತು, ಅಂಗಿ ಹೆಗಲಿನಿಂದ ಜಾರುತ್ತಿತ್ತು. ಈ ಸಲ ಕೈಯಲ್ಲಿ ಒಂದು ನೀಲಿ ಬಾಟಲಿ ಇತ್ತು, ಮಗ ಕೊಡಿಸಿದ್ದು. ದಾರಿಯಲ್ಲೇ ಮುಗಿಸಿದ್ದರು. ಕಾಲು ತೊಳೆದು ಕೂತರು. ಕಲಾವತಿ ಬೆಲ್ಲ-ನೀರು ತರಲಿಲ್ಲ. ಒಳಗೆ ಏನೋ ಕೆಲಸವಿರುವವಳಂತೆ ಅಡುಗೆಮನೆಯಲ್ಲೇ ನಿಂತಳು. ಮಾವನವರು ಖಾಲಿ ಬಾಟಲಿಯನ್ನು ಅಲುಗಾಡಿಸಿ ನೋಡಿದರು. ಎದ್ದು ಹೊರಗೆ ಹೋದರು.

ಪಕ್ಕದ ಮನೆಯ ಅಂಗಳ ನಮ್ಮ ಕಿಟಕಿಗೆ ಹತ್ತಿರ. ಅಂದು ನಲ್ಲಿಯಲ್ಲಿ ನೀರು ಬಂದ ದಿನ. ಖಾಲಾನ ಕೊಡ ತುಂಬಿ ಹೊರಗೆ ಚೆಲ್ಲುವ ಸದ್ದು ನಮಗೆ ಕೇಳುತ್ತಿತ್ತು.

"ಆಪಾ, ಒಂದ್ ಗಿಲಾಸ ನೀರ ಕೊಡ್ರಿ."

"ನೀರಿಲ್ಲ ಡ್ರೈವರ್ ಸಾಬ್."

"ನಲ್ಲಿ ಹರಿಯಾಕತ್ತದಲ್ಲ."

"ಹರೀಲಿ. ನಿಮ್ಮ ಪಾಲಿಂದು ಆ ಮನ್ಯಾಗ ಅದ. ಅಲ್ಲಿ ಕೇಳ್ರಿ."

ಬಾಗಿಲು ಹಾಕಿಕೊಂಡ ಸದ್ದು. ನೀರು ಕೇಳಿದವರಿಗೆ ಇಲ್ಲ ಎಂದದ್ದು ತನ್ನ ಜೀವನದಲ್ಲಿ ಇದೇ ಮೊದಲು, ಗುನಾ, ಪಾಪ ಆಯಿತು, ಆದರೂ ಆಗಲಿ ಎಂದು ಖಾಲಾ ಸಂಜೆ ಕಲಾವತಿಯ ಹತ್ತಿರ ಕೂತು ಹೇಳಿದರು. ಅದು ಸಂಜೆಯ ಮಾತು. ಆಗ ನಮಗೆ ಕೇಳಿದ್ದು ಎರಡು ಮನೆಗಳ ನಡುವೆ ನಿಂತ ಚಪ್ಪಲಿಯ ಸದ್ದು ಮಾತ್ರ. ಆ ಕಡೆಗೆ ಹೋಗಲಿಲ್ಲ, ಈ ಕಡೆಗೂ ಬರಲಿಲ್ಲ. ಗೇಟಿನ ಹೊರಗೆ ಇನ್ನೂ ಬೇಕಾದಷ್ಟು ಮನೆಗಳಿದ್ದವು, ಚಹಾದ ಅಂಗಡಿಯೂ ಇತ್ತು. ನಾನು ಕುರ್ಚಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದೆ. ಅವರ ಮೀಸೆ ನೋಡಬೇಕಾಗಿತ್ತು ನನಗೆ. ಟವೆಲ್ಲು ಮೇಲೆದ್ದರೆ ಏನು ಮಾಡಬೇಕೆಂದು ತಿಳಿಯದೆ ಕೂತಿದ್ದೆ.

ಬಂದರು. ಟವೆಲ್ಲು ಹೆಗಲ ಮೇಲೆಯೇ ಇತ್ತು. ಮಂಚದ ಮೇಲೆ ಕೂತು, ಸ್ವಲ್ಪ ಹೊತ್ತು ಮೊಳೆ ನೋಡಿದರು. ಮೊಳೆ ಖಾಲಿ ಇತ್ತು.

"ಕಲಾ."

"ಏನಪಾ."

"ನಿಮ್ಮ ಮನಿಗಿ ನಲ್ಲಿ ಬಂದದೇನು?"

"ಬಂದದ."

"ತಾ ಹಂಗಾರ."

ಅವಳು ಬೆಲ್ಲದ ತಟ್ಟೆಯನ್ನೂ ತಂದಳು. ಮೊದಲ ಸಲ ಬಂದ ನೆಂಟನ ಹಾಗೆ ಅವರು ಬೆಲ್ಲದ ತುಣುಕನ್ನು ಬಾಯಿಗೆ ಹಾಕಿಕೊಂಡು, ತಂಬಿಗೆಯನ್ನು ಎತ್ತಿ, ತುಟಿಗೆ ತಾಗಿಸದೆ ಸುರಿದುಕೊಂಡರು. ಗಂಟಲು ಏರಿ ಇಳಿಯುತ್ತಿತ್ತು, ಅರ್ಧ ನೀರು ಗದ್ದದ ಮೇಲಿಂದ ಅಂಗಿಗೆ ಹೋಗುತ್ತಿತ್ತು. ತಂಬಿಗೆ ಪೂರ್ತಿ ಬರಿದಾಗುವ ತನಕ ಕೆಳಗಿಳಿಸಲಿಲ್ಲ.

"ಆಪಾನ ಮನಿ ನೀರ ಇದಕ್ಕಿಂತ ಸೀ ಅದ," ಅಂದರು.

ಕಲಾವತಿ ತಟ್ಟೆ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದಳು. ಮೀಸೆಯ ಎರಡೂ ತುದಿಯಿಂದ ಹನಿ ಇಳಿಯುತ್ತಿದ್ದವು. ಅವರು ಒರೆಸಿಕೊಳ್ಳಲಿಲ್ಲ.